ತಪ್ಪು ಅಚ್ಚಿನ ಒಂಬತ್ತು ಆಟಗಾರರು

ಹದಿನಾಲ್ಕು ವರ್ಷ ನಾನು ಎರಡು ಪದ ಹೇಳದೆ ಉಳಿದೆ. ‘ಅದು ನಾನು.’ ಅಷ್ಟೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೂ ಅದೇನು ಕಷ್ಟದ ವಾಕ್ಯವಲ್ಲ. (ವಾರ ವಾರ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವವಳಿಗಂತೂ ಅಲ್ಲವೇ ಅಲ್ಲ.)

ನನ್ನ ತಮ್ಮ ಗಣೇಶನಿಗೆ ಚಿಕ್ಕಂದಿನಲ್ಲಿ ಐಸ್ ಹಾಕಿಯ ಹುಚ್ಚು. ಲಂಡನ್ನಿನ ನಮ್ಮ ಈಸ್ಟ್ ಹ್ಯಾಮಿನ ಹುಡುಗರೆಲ್ಲ ಫುಟ್‌ಬಾಲ್ ಸ್ಟಿಕ್ಕರ್ ಕೂಡಿಸುತ್ತಿದ್ದರೆ ಇವನು ಮತ್ತು ಇವನ ಗೆಳೆಯ ಡ್ಯಾರೆನ್ ಮಾತ್ರ ಹಾಕಿ ಕಾರ್ಡ್ ಕೂಡಿಸುತ್ತಿದ್ದರು. ಮುಂದೆ ಆಟಗಾರನ ಫೋಟೊ, ಹಿಂದೆ ಅವನ ವಿವರ. ಆಲ್ಬಮ್ ತುಂಬ ಮುಂದಿನ ಹಲ್ಲಿಲ್ಲದ ಕೆನಡಾದ ಗಂಡಸರು!

ಕೊನೆಯ ಪುಟ ಮಾತ್ರ ವಿಚಿತ್ರ. ಅಲ್ಲಿ ಒಂಬತ್ತು ಕಾರ್ಡ್. ಒಂದರಲ್ಲಿ ಮೀಸೆಯ ಗೋಲ್‌ಕೀಪರ್, ಹಿಂದೆ ಬೇರೆ ಯಾರದೋ ಹೆಸರು. ಇನ್ನೊಂದರಲ್ಲಿ ಅಂಗಿಯ ನಂಬರು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಒಂದರ ಬೆನ್ನು ಖಾಲಿ. ಮತ್ತೊಂದರಲ್ಲಿ ಒಬ್ಬನ ಅರ್ಧ ಮುಖ, ಪಕ್ಕದವನ ಅರ್ಧ ಭುಜ.

‘ಇದೆಂತದಾ, ಹಾಳಾದ್ದನ್ನೇ ಇಟ್ಕಂಡಿದ್ದಿ?’ ಅಂದಿದ್ದೆ.

‘ಅಕ್ಕ, ದೇ ಆರ್ ಮಿಸ್ಟೇಕ್ಸ್. ದಟ್ಸ್ ದ ಪಾಯಿಂಟ್!’

ನನಗೆ ಮಿಸ್ಟೇಕ್ ಅನ್ನುವುದಷ್ಟೇ ಕೇಳಿಸಿತು.

ನಾನಾಗ ಅಪ್ಪನ ಜೊತೆ ದೋಸೆ ಹೋಟೆಲಿನ ಅಡುಗೆಮನೆಯಲ್ಲಿದ್ದೆ. ಕಾವಲಿಗೆ ಅಂಟಿ ಹರಿದ ದೋಸೆ ಟೇಬಲ್ಲಿಗೆ ಹೋಗುವುದಿಲ್ಲ. ಗಿರಾಕಿಗೆ ಹೊಸದು ಹುಯ್ಯಬೇಕು, ಹರಿದದ್ದು ನಮಗೆ. ನನ್ನ ತಮ್ಮನ ಪಾಲಿಗೂ ಹರಿದ ದೋಸೆಯೇ?

ಅವನ ಹುಟ್ಟುಹಬ್ಬದ ದಿನ ಆ ಒಂಬತ್ತನ್ನೂ ಮಾರ್ಕೆಟ್ಟಿನ ಕಾರ್ಡ್ ಅಂಗಡಿಗೆ ಒಯ್ದೆ. ‘ಡ್ಯಾಮೇಜ್. ಚೇಂಜ್ ಪ್ಲೀಸ್’ ಅಂದೆ. ಅಂಗಡಿಯವನು ಕಾರ್ಡ್ ನೋಡಿದ, ನನ್ನನ್ನು ನೋಡಿದ, ಮತ್ತೆ ಕಾರ್ಡ್ ನೋಡಿದ. ಒಂಬತ್ತು ಹೊಳೆಯುವ ಹೊಸ ಕಾರ್ಡ್ ಕೊಟ್ಟು ಮೇಲೊಂದು ಸೇರಿಸಿದ. (ಅಷ್ಟು ಬೇಗ ಯಾಕೆ ಒಪ್ಪಿದ? ತಪ್ಪು ಅಚ್ಚಿನ ಕಾರ್ಡೇ ಅಪರೂಪ, ಅದಕ್ಕೇ ಬೆಲೆ ಜಾಸ್ತಿ ಅಂತ ಆಗ ನನಗೆ ಹೊಳೆಯಲಿಲ್ಲ.)

ಹೊಸ ಕಾರ್ಡ್‌ಗಳನ್ನು ಹಳೆಯವುಗಳ ಜಾಗದಲ್ಲಿ ಸಿಕ್ಕಿಸಿಟ್ಟೆ. ಸಂಜೆ ಗಣೇಶ ಕೊನೆಯ ಪುಟ ತೆರೆದ. ಅವನು ಕುಣಿಯುತ್ತಾನೆ ಅಂತ ಕಾಯುತ್ತಾ ನಿಂತಿದ್ದೆ. ಅವನ ಕಣ್ಣು ತುಂಬಿತು.

‘ಯಾರ್ ಮುಟ್ಟಿದ್ದ್ ಇದನ್ನ?’

‘ನಂಗ್ ಗೊತ್ತಿಲ್ಲೆ’ ಅಂದುಬಿಟ್ಟೆ.

ಹಿಂದಿನ ದಿನ ಡ್ಯಾರೆನ್ ಮನೆಗೆ ಬಂದು ಆಲ್ಬಮ್ ನೋಡಿದ್ದ. ಗಣೇಶನಿಗೆ ಅಷ್ಟು ಸಾಕಾಯಿತು. ಮರುದಿನ ಕ್ಲಾಸಿನ ಎದುರೇ ಅವನನ್ನು ಕಳ್ಳ ಅಂದ. ನಾನು ಹಳೇ ಕಾರ್ಡ್ ವಾಪಸ್ ಕೇಳಲು ಅಂಗಡಿಗೆ ಓಡಿದೆ. ‘ಆಲ್ ಗಾನ್, ಲವ್’ ಅಂದ ಅಂಗಡಿಯವನು. ಡ್ಯಾರೆನ್ ಎರಡು ಸಲ ನಮ್ಮ ಬಾಗಿಲು ಬಡಿದ. ಎರಡು ಸಲವೂ ನಾನೇ ತೆರೆದೆ, ಗಣೇಶ ಮನೆಯಲ್ಲಿಲ್ಲ ಅಂದೆ. ಅವನು ಒಳಗೇ ಇದ್ದ. ಮೂರನೇ ಸಲ ಡ್ಯಾರೆನ್ ಬರಲಿಲ್ಲ.

ಪ್ರೀತಿ ಇದ್ದರೆ ಕೇಳದೆ ಕೈ ಹಾಕಬಹುದು ಅಂತ ನಮಗೆ ಯಾರು ಹೇಳಿಕೊಟ್ಟರು? ನೀವೂ ಗಂಡನ ಇಷ್ಟದ ಹಳೇ ಅಂಗಿಯನ್ನು ನೆಲ ಒರೆಸಲು ಹರಿದಿಲ್ಲವೇ?

ಮೊನ್ನೆ ಭಾನುವಾರ ಗಣೇಶ ತನ್ನ ಮದುವೆಗೆ ಕರೆಯುವವರ ಪಟ್ಟಿ ಬರೆಯುತ್ತಿದ್ದ.

‘ಡ್ಯಾರೆನ್‌ನ ಕರೂದಿಲ್ಯಾ?’ ಮೆಲ್ಲಗೆ ಕೇಳಿದೆ.

‘ಆ ಕಳ್ಳನ್ನಾ? ನೋ ವೇ.’ ಇನ್ನೆರಡು ಹೆಸರು ಬರೆದು ಅಂದ, ‘ಆದ್ರೂ ಅಕ್ಕ, ಅವ್ನಂಥ ಫ್ರೆಂಡ್ ಮತ್ತೆ ಸಿಗ್ಲೇ ಇಲ್ಲೆ.’

ಇನ್ನು ತಡೆಯಲಾಗಲಿಲ್ಲ. ಹೇಳಿದೆ. ಅಂಗಡಿ, ಹೊಳೆಯುವ ಕಾರ್ಡ್, ಬಾಗಿಲಲ್ಲಿ ಹೇಳಿದ ಸುಳ್ಳು, ಎಲ್ಲ. ಗಣೇಶ ಪೆನ್ನಿನ ಕ್ಯಾಪ್ ಹಾಕಿದ, ತೆಗೆದ, ಮತ್ತೆ ಹಾಕಿದ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

‘ನಂಗಲ್ಲ’ ಅಂದ. ‘ಕೋಟ್ ಹಾಕ್ಕೊ.’

ಡ್ಯಾರೆನ್‌ನ ತಾಯಿಯ ಮನೆ ಎರಡು ಬೀದಿ ಆಚೆ. ಇಷ್ಟು ವರ್ಷ ಆ ಬೀದಿ ತಪ್ಪಿಸಲು ಸುತ್ತು ಹಾಕಿ ಬಸ್‌ಸ್ಟಾಪಿಗೆ ಹೋಗುತ್ತಿದ್ದೆ. ಭಾನುವಾರದ ಊಟಕ್ಕೆ ಬಂದಿದ್ದ ಡ್ಯಾರೆನ್ ತಾನೇ ಬಾಗಿಲು ತೆರೆದ. ಗಡ್ಡ ಬಿಟ್ಟಿದ್ದಾನೆ. ನನ್ನನ್ನು ನೋಡಿದ, ಗೇಟಿನ ಹತ್ತಿರವೇ ನಿಂತ ಗಣೇಶನನ್ನು ನೋಡಿದ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಇಂಗ್ಲಿಷೆಲ್ಲ ಮರೆತುಹೋಯಿತು. ಉಳಿದದ್ದಿಷ್ಟೇ.

‘ಡ್ಯಾರೆನ್, ಇಟ್ ವಾಸ್ ಮೀ. ಐ ಆಮ್ ಸಾರಿ.’