ಮಡಿಗೆಂದು ಎರಡು ಕೊಡ

ಮದರಾಸಿನ ಅಂಬತ್ತೂರಿನ ಆ ಬೀದಿಗೆ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಆರೂವರೆಗೆ ನೀರಿನ ಲಾರಿ ಬರುತ್ತದೆ. ಮನೆಗೆ ಆರು ಕೊಡ, ಮೇಲೆ ಒಂದು ಲೋಟವೂ ಇಲ್ಲ. ಸಾಲು ನೋಡಿಕೊಳ್ಳುವವಳು ಪ್ರೇಮಮ್ಮ. ಮಳವಳ್ಳಿ ಕಡೆಯ ಹೆಣ್ಣು. ಗಂಡ ಅಂದಾನಿಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಾಗ ಮಗಳು ಮೌನಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು. ಅದಾಗಿ ಎಂಟು ವರ್ಷ. ತಮಿಳು ಇನ್ನೂ ಅರೆಬರೆ. ಆದರೆ ಯಾರಾದರೂ ಏಳನೆಯ ಕೊಡ ತೂರಿಸಿದರೆ ಅವಳ ಬಾಯಿ ತಮಿಳಿಗಾಗಿ ಕಾಯುತ್ತಿರಲಿಲ್ಲ. ನಾಲ್ಕನೇ ಮನೆಯವಳು ಹೊಟ್ಟೆಬಾಕಿ, ಮೂಲೆಮನೆಯವನು ಬಕಾಸುರ, ಬಕೆಟ್ಟನ್ನು ಸೆರಗಿನಡಿ ತರುವವಳು ಆಸೆಬುರುಕಿ. ಅರ್ಥವಾಗದಿದ್ದರೂ ಜನ ಕೊಡವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಒಂದು ಮಾತೂ ಬಿಡದೆ ಅರ್ಥವಾಗುತ್ತಿದ್ದುದು ಗೋದಾಬಾಯಿಗೆ ಮಾತ್ರ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಮಾಧ್ವರ ಮನೆ ಅವರದು. ಬೀದಿಯವರ ಬಾಯಲ್ಲಿ ಅವರು ಮಾಮಿ.

"ಮೆಲ್ಲ ಹೇಳು ಪ್ರೇಮಾ, ಬಕಾಸುರ ಅಂದ್ರೆ ಅವ್ರಿಗೂ ಪುರಿಯತ್ತೆ ಮಾ!"

"ಅರ್ಥ ಆಗ್ಲಿ ಅಂತ್ಲೇ ಯೋಳದು ಅಮ್ಮಾವ್ರೆ."

"ಅಮ್ಮಾವ್ರೆ ಏನು? ಅಕ್ಕ ಅನ್ನು ಮಾ. ಈ ಬೀದೀಲಿ ನಮಗೆ ಬೇರೆ ಯಾರಿದಾರೆ?"

ಆ ಒಂದು ಮಾತಿಗೆ ಪ್ರೇಮಮ್ಮ ಕರಗಿಹೋದಳು. ಮಗಳೂ ಶಾಲೆಗೆ ಸೇರಿದ ಮೇಲೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ಸಂಜೆ ಗೇಟಿನ ಬಳಿ ನಿಂತು ಗೋದಾಬಾಯಿಯೊಂದಿಗೆ ಹತ್ತು ನಿಮಿಷ ಆಡುವ ಮಾತೇ ಅವಳ ಪಾಲಿಗೆ ತವರಾಗಿತ್ತು.

ಏಪ್ರಿಲ್ ಮೊದಲ ವಾರ ಗೋದಾಬಾಯಿ ಅವಳ ಬಾಗಿಲಿಗೆ ಬಂದರು. ಗಂಡ ವಿಷ್ಣುತೀರ್ಥರು ಮಾಡುವ ಪೂಜೆಗೆ, ಮಡಿ ಅಡುಗೆಗೆ ಬೇರೆಯಾಗಿ ನೀರು ಬೇಕು, ಆರು ಕೊಡದಲ್ಲಿ ಆಗುತ್ತಿಲ್ಲ, ಸಾಲಿನಲ್ಲಿ ಎರಡು ಹೆಚ್ಚು ಕೊಡಿಸು ಎಂದು ಕೇಳುವಾಗ ಕಣ್ಣಲ್ಲಿ ನೀರಿತ್ತು. ಸಾಲಿನ ಹೆಂಗಸರು ಒಪ್ಪಲಿಲ್ಲ. ನಿನ್ನ ಭಾಷೆಯವಳು ಅಂತ ಸಲಿಗೆಯೋ ಎಂದು ಮುಖಕ್ಕೇ ಅಂದರು. ತಾನೇ ಕಾಯುವ ನಿಯಮ ಮುರಿಯಲು ಪ್ರೇಮಮ್ಮನಿಗೂ ಮನಸ್ಸಾಗಲಿಲ್ಲ. ಕೊನೆಗೆ ತನ್ನ ಪಾಲಿನ ಆರರಲ್ಲಿ ಎರಡು ಕೊಡ ತುಂಬಿಸಿ ದಿನವೂ ಅವರ ಮೆಟ್ಟಿಲಿಗೆ ಒಯ್ದಿಟ್ಟಳು.

ಅಂದಾನಿ ನಕ್ಕ. "ಲಾರಿ ಪೈಪಿನ ನೀರ್ಗೆ ಎಂಥಾ ಮಡಿ ಕಣಮ್ಮಿ? ನೀನ್ ಮುಟ್ಟಿ, ಡ್ರೈವರ್ ಮುಟ್ಟಿ!"

"ನಿಮ್ಗೆ ದೇವ್ರು ಅಂದ್ರೂ ತಮಾಸೆ. ಸುಮ್ನೆ ಕೆಲ್ಸಕ್ಕೋಗಿ."

ಮೂವರಿಗೆ ನಾಲ್ಕೇ ಕೊಡ. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆಯ ನೀರು ಬಚ್ಚಲಿಗೆ. ಮೌನಳ ಸೊಂಟದುದ್ದದ ಕೂದಲು ತೊಳೆಯಲು ನೀರು ಸಾಲದೆ, ತಲೆಯಲ್ಲಿ ಬೆವರುಗುಳ್ಳೆ ಎದ್ದು, ಏಪ್ರಿಲ್ ಕೊನೆಗೆ ಭುಜದವರೆಗೆ ಕತ್ತರಿಸಿದರು. ಹುಡುಗಿ ಎರಡು ದಿನ ಅಮ್ಮನ ಜೊತೆ ಮಾತಾಡಲಿಲ್ಲ. ಗೋದಾಬಾಯಿ ಮಾತ್ರ ಅವಳ ತಲೆ ಸವರಿ, "ಷೋಕ್ಕಾಗಿದೆ ಮಾ" ಎಂದರು.

ಮೇ ತಿಂಗಳ ಒಂದು ಭಾನುವಾರ ಊರಿನಿಂದ ಮಾವಿನಕಾಯಿ ಬಂತು. ನಾಲ್ಕು ಕಾಯಿ ಮಡಿಲಿಗೆ ಹಾಕಿಕೊಂಡು ಪ್ರೇಮಮ್ಮ ಪಕ್ಕದ ಓಣಿಯಿಂದ ಗೋದಾಬಾಯಿಯ ಹಿತ್ತಿಲಿಗೆ ಹೋದಳು. ಮಗ ಸುಘೋಷ ಕಾರು ತೊಳೆಯುತ್ತಿದ್ದ. ಕಾಲ ಬಳಿ ಇದ್ದ ಹಸಿರು ಕೊಡಗಳೆರಡೂ ಅವಳವೇ. ಒಂದು ಖಾಲಿಯಾಗಿ ಉರುಳಿತ್ತು. ಇನ್ನೊಂದನ್ನು ಅವನು ಎತ್ತಿ ಚಕ್ರದ ಮೇಲೆ ಸುರಿದ. ಸೋಪಿನ ನೊರೆ ಅವಳ ಚಪ್ಪಲಿಯವರೆಗೆ ಹರಿದುಬಂತು.

ಗೋದಾಬಾಯಿ ಅವಸರವಾಗಿ ಹೊರಗೆ ಬಂದರು. "ಅದು ನೆನ್ನೆ ತಣ್ಣಿ ಮಾ. ಮಿಕ್ಕಿದ್ದು. ಹಳೇದು ಮಡಿಗೆ ಆಗಲ್ಲ, ಅದಕ್ಕೇ..."

"ದಿನಾ ಮಿಕ್ತದಾ ಅಕ್ಕ?"

"ಹಾಗಿಲ್ಲ... ಒಂದೊಂದು ದಿನ. ಕಾರಲ್ಲಿ ಎಷ್ಟು ಧೂಳು ನೋಡು."

ಮಿಕ್ಕಿದ್ದು ಎಂದರೆ ಹೆಚ್ಚಾಗಿದ್ದದ್ದು. ಹೆಚ್ಚಾಗಿದ್ದರೆ ಬೇಡ ಎನ್ನಬಹುದಿತ್ತು. ಮಗುವಿನ ಕೂದಲು ಹೋದಾಗಲಾದರೂ ಎನ್ನಬಹುದಿತ್ತು. ಮಾವಿನಕಾಯಿಯನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಪ್ರೇಮಮ್ಮ ಮನೆಗೆ ಬಂದಳು.

ವಿಷಯ ಕೇಳಿ ಅಂದಾನಿ, "ಸಾಲಲ್ಲಿ ಒಬ್ಬೊಬ್ಬರ್ಗೂ ಒಂದೊಂದು ಎಸ್ರು ಮಡ್ಗಿದ್ಯಲ್ಲ, ಇವ್ರ್ಗೇನಂದೆ?" ಎಂದ. ಅವಳು ಒಂದೂ ಅಂದಿರಲಿಲ್ಲ. ಆ ಬೈಗುಳಗಳೆಲ್ಲ ಎಲ್ಲರೆದುರು ನುಗ್ಗಿ ಬಾಚಿಕೊಳ್ಳುವವರಿಗೆ. ಅಕ್ಕ ಅನ್ನು ಎಂದು ಹೇಳಿಕೊಟ್ಟು ಮಗುವಿನ ನೀರನ್ನು ಕೇಳಿ ಪಡೆದವರಿಗೆ ಏನೆನ್ನಬೇಕೆಂದು ಅವಳ ಹಳ್ಳಿಯಲ್ಲಿ ಯಾರೂ ಕಲಿಸಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು.

ಮರುದಿನ ಬೆಳಿಗ್ಗೆ ಗೋದಾಬಾಯಿ ಏನೂ ಆಗದವರಂತೆ ತಮ್ಮ ಆರು ಕೊಡಗಳ ಪಕ್ಕ ಅವಳ ಎರಡು ಹಸಿರು ಕೊಡಗಳನ್ನೂ ತಂದಿಟ್ಟರು. ಪ್ರೇಮಮ್ಮ ಅವೆರಡನ್ನು ಎತ್ತಿ ತನ್ನ ಸಾಲಿಗೆ ಸೇರಿಸಿಕೊಂಡಳು. ಮನೆಗೆ ಆರೇ ಕೊಡ ಎನ್ನಲು ಬಾಯಿಗೆ ಬಂದದ್ದು ತಮಿಳು.

"ವೀಟುಕ್ಕು ಆರು ಕುಡಂ ದಾನ್, ಮಾಮಿ."

ಗೋದಾಬಾಯಿಯ ಮುಖ ಬಿಳುಪೇರಿತು.

"ಏನ್ ಮಾ ಪ್ರೇಮಾ, ನನ್ನ ಹತ್ರ ಹೀಗೆ ಮಾತಾಡ್ತೀಯಾ?"

ಆ ಬೀದಿಯಲ್ಲಿ ಮನೆಯಿಂದಾಚೆ ದಿನಕ್ಕೊಮ್ಮೆ ಅವಳ ಕಿವಿಗೆ ಬೀಳುತ್ತಿದ್ದ ಕನ್ನಡ ಅದೊಂದೇ. ಪ್ರೇಮಮ್ಮ ತಲೆಯೆತ್ತದೆ, ಮುಂದಿನ ಮನೆಯವರ ಕೊಡಕ್ಕೆ ಪೈಪು ಹಿಡಿದಳು.