ಗೆದ್ದವರಷ್ಟೇ ಹಾಡುವ ಹಾಡು

ಗೆದ್ದರೆ ಮಾತ್ರ ಹಾಡಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ಮಗನ ಕಾಲೇಜಿನ ಫುಟ್‌ಬಾಲ್ ತಂಡದ ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಮರದ ಹಲಗೆ ಇತ್ತು. ತಂಡದ ಹಾಡನ್ನು ಅದರ ಮೇಲೆ ಬಣ್ಣದಲ್ಲಿ ಬರೆದಿದ್ದರು. ಶಾಲೆಯ ಪ್ರಾರ್ಥನೆಯ ಹಾಗೆ ಆಟ ಮುಗಿದ ಮೇಲೆ ಎಲ್ಲರೂ ಹೇಳುವಂಥದ್ದು ಅಂದುಕೊಂಡೆ. ಅದರ ಫೋಟೋ ತೆಗೆದುಕೊಂಡು ಬಂದು, ಮೆಲ್ಬರ್ನ್ ಹೊರವಲಯದ ಟಾರ್ನೀಟ್‌ನ ಮನೆಯಿಂದ ಕೆಲಸಕ್ಕೆ ಹೋಗುವಾಗ ಕಾರಿನಲ್ಲಿ ಬಾಯಿಪಾಠ ಮಾಡಿದೆ. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು, ಇಂಗ್ಲಿಷ್ ಓದುವುದೆಂದರೆ ಕಲ್ಲು ಹೊತ್ತ ಹಾಗೆ. ಆದರೂ ಬಿಡಲಿಲ್ಲ, ಕಲಿತೆ.

ಸೀಸನ್ನಿನ ಮೊದಲ ಮ್ಯಾಚ್ ಹೀನಾಯವಾಗಿ ಸೋತರು. ಹುಡುಗರು ಒಳಗೆ ಬಂದು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತರು. ಯಾರೂ ಶುರು ಮಾಡುತ್ತಿಲ್ಲವಲ್ಲ ಎಂದು ನಾನೇ ಚಪ್ಪಾಳೆ ತಟ್ಟಿ, ಗಟ್ಟಿ ದನಿಯಲ್ಲಿ ಹಾಡು ಎತ್ತಿಕೊಂಡೆ. ಒಬ್ಬರೂ ದನಿ ಸೇರಿಸಲಿಲ್ಲ. ಮೂಲೆಯಲ್ಲಿದ್ದವನೊಬ್ಬ ನಗು ತಡೆಯಲಾರದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಮಗ ಎದ್ದು ಬಂದು ನನ್ನ ತೋಳು ಹಿಡಿದ.

"ಅಪ್ಪಾ, ಸ್ಟಾಪ್. ಪ್ಲೀಸ್. ಗೆದ್ರೆ ಮಾತ್ರ ಹಾಡೋದು."

"ಸೋತ್ರ?"

"ಸೋತ್ರೆ ಸುಮ್ನೆ ಮನೆಗೆ ಹೋಗೋದು."

ಹೆಂಡತಿಗೆ ನರ್ಸ್ ಕೆಲಸ ಸಿಕ್ಕಿ ನಾವು ಹುಬ್ಬಳ್ಳಿಯಿಂದ ಸಿಡ್ನಿಗೆ ಬಂದವರು. ಮೊದಲು ಸಿಡ್ನಿಯದೇ ಬಡಾವಣೆ ಲಿವರ್‌ಪೂಲ್‌ನಲ್ಲಿದ್ದೆವು. ಅಲ್ಲಿ ಫುಟ್‌ಬಾಲ್ ಅಂದರೆ ಒಂದು ಆಟ, ಮೆಲ್ಬರ್ನ್‌ಗೆ ಬಂದರೆ ಅದೇ ಹೆಸರಿನ ಇನ್ನೊಂದು ಆಟ. ಮೊಟ್ಟೆಯಾಕಾರದ ಚೆಂಡು, ದುಂಡನೆಯ ಮೈದಾನ, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ಮಗ ಅದನ್ನೇ ಹಿಡಿದ. ನಾನು ಟ್ರಕ್ಕಿನ ಟ್ರೇಲರ್ ಕಟ್ಟುವ ಶೆಡ್ಡಿನಲ್ಲಿ ವೆಲ್ಡರ್. ಹರೆಯದಲ್ಲಿ ಹುಬ್ಬಳ್ಳಿಯ ತಾಲೀಮಿನಲ್ಲಿ ಕುಸ್ತಿ ಆಡಿದವನು. ಮೈ ತಿಕ್ಕುವುದು, ಉಳುಕು ತೆಗೆಯುವುದು ನನ್ನ ವಸ್ತಾದರು ಕಲಿಸಿದ ವಿದ್ಯೆ. ಅದು ತಿಳಿದ ಕೋಚ್ ನನ್ನನ್ನು ತಂಡದ ಟ್ರೇನರ್ ಮಾಡಿಕೊಂಡರು. ಇಲ್ಲಿ ಟ್ರೇನರ್ ಅಂದರೆ ಆಟ ಕಲಿಸುವವನಲ್ಲ. ಆಟಗಾರರ ಕಾಲಿಗೆ ಟೇಪ್ ಸುತ್ತಿ, ತೊಡೆ ತಿಕ್ಕಿ, ನೀರು ಕೊಡುವವನು.

ಹಾಡಿನ ಹಲಗೆಯ ಪಕ್ಕ ಒಂದು ಕಪ್ಪು-ಬಿಳುಪು ಫೋಟೋ ತೂಗುತ್ತಿತ್ತು. ಹೋದ ಶತಮಾನದ ಆರಂಭದ ತಂಡ. ಎದೆಗೆ ಲೇಸು ಕಟ್ಟಿದ ಜರ್ಸಿ, ಕಟ್ಟಿದ ಕೈ, ನಗದ ಮುಖ. ಆ ವರ್ಷ ಅವರು ಒಂದು ಮ್ಯಾಚನ್ನೂ ಸೋಲಲಿಲ್ಲವಂತೆ, ಹಾಡು ಕಟ್ಟಿದವರೂ ಅವರೇ ಅಂತೆ. ವಾರ ವಾರ ಹಾಡಿದವರು! ಅವರ ಕೆಳಗೆ ಕೂತು ನಮ್ಮ ಹುಡುಗರು ವಾರ ವಾರ ಬೂಟಿನ ಕೆಸರು ಕೆರೆಯುತ್ತಿದ್ದರು. ಆಡುವವರು ಸಿಗುತ್ತಿಲ್ಲ, ಈ ಸೀಸನ್ ಮುಗಿದ ಮೇಲೆ ತಂಡವನ್ನೇ ಮುಚ್ಚುತ್ತೇವೆ ಎಂದು ಕಾಲೇಜು ಮೊದಲೇ ಹೇಳಿಬಿಟ್ಟಿತ್ತು. ನನ್ನ ಮಗ ಕ್ಯಾಪ್ಟನ್. ಬೇರೆ ಯಾರೂ ಒಪ್ಪದ್ದಕ್ಕೆ ಅವನು ಒಪ್ಪಿದ್ದ. ಟ್ರೋಫಿ ಬೇಡ, ಒಂದೇ ಒಂದು ಸಲ ಗೆದ್ದು ಆ ಹಾಡು ಹೇಳಬೇಕು ಅನ್ನುವುದಷ್ಟೇ ಅವನ ಆಸೆ. ಅವನ ಆಸೆ ನನಗೂ ಅಂಟಿಕೊಂಡಿತು.

ಲಿವರ್‌ಪೂಲ್‌ನಿಂದ ಹೆಂಡತಿಯ ತಮ್ಮ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ.

"ಏನ್ ಭಾವಾ, ಈ ವಾರಾನೂ ಮಣ್ಣ ಮುಕ್ಕಿದ್ರೇನು?"

"ಹೂಂನಪಾ."

"ಹಾಡು ನೆಪ್ಪೈತೋ, ಮರ್ತ್ರೋ? ಬೇಕಾರ ಫೋನ್‌ನಾಗ ನಾ ಹಾಡ್ತೀನಿ."

"ನೀ ಮೊದ್ಲ ನಿನ್ ಮಾರ್ಟ್‌ಗೇಜಿನ ಹಾಡು ಹಾಡ್ಕೋಳೋ," ಅಂತ ಫೋನ್ ಇಟ್ಟುಬಿಡುತ್ತಿದ್ದೆ.

ಮಗನ ತೊಡೆ ತಿಕ್ಕುವಾಗ ಅವನಿಗೆ ಧೈರ್ಯ ಬರಲಿ ಎಂದು ನನ್ನ ಕುಸ್ತಿಯ ಕಥೆ ಹೇಳುತ್ತಿದ್ದೆ. ಬೆಳಗಾವಿ ಕಡೆ ಒಮ್ಮೆ ನನ್ನೆದುರು ಹಿಡಿಯಬೇಕಾದ ಪೈಲ್ವಾನ ಬರಲೇ ಇಲ್ಲ. ಕಮಿಟಿಯವರು ನನ್ನ ಕೈ ಎತ್ತಿಸಿ, ಗೆದ್ದೆ ಎಂದು ಬೆಳ್ಳಿ ಕಡಗ ತೊಡಿಸಲು ಬಂದರು. ಮೈಗೆ ಮಣ್ಣು ಹತ್ತಿಲ್ಲ, ಕಡಗ ಹೆಂಗ ತೊಡಲಿ ಎಂದು ಬರಿಗೈಲಿ ಊರಿಗೆ ಬಂದೆ. ಮನೆಗೆ ಯಾರೇ ಬರಲಿ, ಈ ಕಥೆ ಹೇಳದೆ ಅವರಿಗೆ ಚಹಾ ಕೊಟ್ಟವನಲ್ಲ. "ಬಂತ್ ನೋಡ್ರಿ ಕಡಗದ ಕಥಿ," ಎಂದು ಹೆಂಡತಿ ಅಡುಗೆಮನೆಯಿಂದಲೇ ಅನ್ನುತ್ತಿದ್ದಳು.

ಚಳಿಗಾಲದ ನಡುವೆ ಒಂದು ಮ್ಯಾಚಿನಲ್ಲಿ ಕೊನೆಯ ಕ್ವಾರ್ಟರ್‌ವರೆಗೂ ನಾವೇ ಮುಂದಿದ್ದೆವು. ನಾನು ನೀರಿನ ಬಾಟಲಿ ಹಿಡಿದು ಗೆರೆಯ ಮೇಲೆ ನಿಂತು ಹಾಡಿನ ಮೊದಲ ಮಾತನ್ನು ನಾಲಿಗೆ ತುದಿಗೆ ತಂದುಕೊಂಡಿದ್ದೆ. ಆಮೇಲೆ ನಮ್ಮವರಿಗೆ ಕಾಲು ಸೋತವು. ಎದುರಿನವರು ಗೋಲಿನ ಮೇಲೆ ಗೋಲು ಹೊಡೆದರು. ಅಂದು ಪಕ್ಕದ ರೂಮಿನಿಂದ ಅವರ ಹಾಡು ನಮ್ಮ ಗೋಡೆ ದಾಟಿ ಕೇಳಿಸಿತು. ಹೆಗಲ ಮೇಲೆ ಕೈ ಹಾಕಿ, ಸುತ್ತುಗಟ್ಟಿ ನಿಂತು, ಕಾಲಿನಿಂದ ನೆಲ ಬಡಿದು ಹಾಡುತ್ತಿದ್ದರು. ನಮ್ಮವರು ಬೂಟಿನ ಲೇಸು ಬಿಚ್ಚುವುದನ್ನೂ ನಿಲ್ಲಿಸಿ ಕೇಳಿದರು.

ಹೀಗೇ ಒಂದೂ ಗೆಲ್ಲದೆ ಸೀಸನ್ನಿನ ಕೊನೆಯ ಶನಿವಾರ ಬಂತು. ಎಲ್ಲರ ಕಾಲಿಗೂ ಟೇಪ್ ಸುತ್ತಿ ಮುಗಿಸಿದ್ದೆ. ಹುಡುಗರು ಜರ್ಸಿ ತೊಟ್ಟು ಕುಣಿಯುತ್ತ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಕೋಚ್ ಫೋನ್ ನೋಡುತ್ತ ಒಳಗೆ ಬಂದರು. ಎದುರಿನವರಿಗೆ ಆಟಗಾರರು ಸಾಲದೆ ಮ್ಯಾಚ್ ಬಿಟ್ಟುಕೊಟ್ಟಿದ್ದರು. ಪಾಯಿಂಟ್ ಎಲ್ಲ ನಮಗೇ, ಲೆಕ್ಕದಲ್ಲಿ ಗೆದ್ದ ಹಾಗೆಯೇ ಎಂದರು.

ಮೊದಲ ದಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದವನೇ, "ಹಾಗಾದರೆ ಹಾಡೋಣವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ಅಂಕಲ್ ರೆಡಿ ಇದ್ದಾರೆ!" ಎಂದು ಇನ್ನೊಬ್ಬ ಅಂದ. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಕ್ಯಾಪ್ಟನ್ ಮುಖ ನೋಡಿದರು. ಮಗ ಹಲಗೆಯನ್ನು ನೋಡುತ್ತಿದ್ದ.

ನಾನು ಕನ್ನಡದಲ್ಲಿ ಮೆಲ್ಲಗೆ ಅಂದೆ, "ಹಾಡ್ರಲಾ. ಇನ್ನ ಯಾವಾಗ ಹಾಡ್ತಿ? ನಾಳಿಂದ ಟೀಮ್ ಇರಂಗಿಲ್ಲ."

"ನೀ ಕಡಗ ತಗೊಂಡಿದ್ಯಾ, ಅಪ್ಪಾ?"

ಚುಚ್ಚಲಿಕ್ಕೆ ಕೇಳಿದ್ದಲ್ಲ. ನಿಜವಾಗಿ ನನ್ನನ್ನು ಕೇಳಿದ. ನಾನು ಏನಾದರೂ ಬೇರೆ ಹೇಳಲಿ ಎಂದು ಅವನು ಕಾಯುತ್ತಿದ್ದ ಎಂದು ಈಗ ಅನ್ನಿಸುತ್ತದೆ. ಆ ಮಾತು ಬೇರೆ, ಈ ಮಾತು ಬೇರೆ ಅನ್ನಬಹುದಿತ್ತು. ಇಷ್ಟು ವರ್ಷ ಮೀಸೆ ತಿರುವಿ ಹೇಳಿದ ಕಥೆ ನನ್ನ ಬಾಯಿಗೇ ಅಡ್ಡ ನಿಂತಿತ್ತು.

"ಇಲ್ಲ," ಅಂದೆ.

ಅವನು ತಂಡದ ಕಡೆ ತಿರುಗಿ, ಆಡದೆ ಹಾಡುವುದು ಬೇಡ ಎಂದ. ಹುಡುಗರು ಕೂತು ನಾನು ಸುತ್ತಿದ ಟೇಪ್ ಕಿತ್ತುಕೊಂಡರು. ಕಾಲಿನ ಕೂದಲ ಸಮೇತ ಅದು ಪರ್ ಪರ್ ಎಂದು ಕಿತ್ತು ಬಂತು. ನಾನು ತಿಕ್ಕುವ ಟೇಬಲ್ ಮಡಚಿ ಕಾರಿಗೆ ಹಾಕಿದೆ. ದಾರಿಯುದ್ದಕ್ಕೂ ಮಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಏನಾದರೂ ತಿನ್ನೋಣವಾ ಎಂದು ಕೇಳಿದೆ. "ನಾಟ್ ಹಂಗ್ರಿ," ಅಂದ.

ಅವನು ಮತ್ತೆ ಚೆಂಡು ಮುಟ್ಟಿಲ್ಲ. ಬೇರೆ ಕ್ಲಬ್ಬಿನವರು ಕರೆದರೂ ಹೋಗಲಿಲ್ಲ. ಮನೆಗೆ ನೆಂಟರು ಬರುತ್ತಾರೆ, ಚಹಾ ಕುಡಿಯುತ್ತಾರೆ. ಕಡಗದ ಕಥೆ ನಾನು ಎತ್ತುವುದಿಲ್ಲ, ಹೆಂಡತಿಯೂ ಅಡುಗೆಮನೆಯಿಂದ ಏನೂ ಅನ್ನುವುದಿಲ್ಲ. ಅವತ್ತು ಬೆಳಗಾವಿಯಲ್ಲಿ ಸುಮ್ಮನೆ ಕೈ ಚಾಚಿ ಅದನ್ನು ತೊಟ್ಟುಕೊಂಡು ಬಂದಿದ್ದರೆ, ಎಂದು ವೆಲ್ಡಿಂಗ್ ಮಾಡುವಾಗ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹಾಡು ಮಾತ್ರ ಮರೆತಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ಕಲಿತ ಅದೇ ದಾರಿಯಲ್ಲಿ, ತಾನಾಗಿಯೇ ನಾಲಿಗೆಗೆ ಬರುತ್ತದೆ. ಹಲ್ಲು ಕಚ್ಚಿ ಕಾರು ಓಡಿಸುತ್ತೇನೆ.