ಡಿಕ್ಕಿ ಊಟ

ಹೋದ ಭಾನುವಾರ ನಿಲಾಯ್ ಸಂತೆಯಲ್ಲಿ ಸೊಪ್ಪು ಆರಿಸುತ್ತಾ ನಿಂತಿದ್ದೆ. ಪಕ್ಕದಲ್ಲೇ ಅರಿಶಿನದ ಎಲೆಯ ಕಟ್ಟು. ಮಾರುವವಳು ಅದರ ಮೇಲೆ ನೀರು ಚಿಮುಕಿಸಿದಳು ನೋಡಿ, ಆ ವಾಸನೆ ಎದ್ದು ಬಂದಿದ್ದೇ ಬಂದಿದ್ದು, ಕೈಯಲ್ಲಿದ್ದ ಕೊತ್ತಂಬರಿ ಹಾಗೇ ಉಳೀತು. ಈ ಮಲಯ್ ನಾಡಿನಲ್ಲಿ ಅರಿಶಿನದ ಎಲೆ ಅಂದರೆ ಮಾಂಸದ ಅಡುಗೆಗೇ ಅಂತ ಲೆಕ್ಕ. ನಾನು ಹತ್ತು ಎಲೆ ಕೊಂಡೆ. ಎದುರುಮನೆ ಆಂಟಿ ಇದ್ದಿದ್ದರೆ "ಹತ್ತು ಎಲ್ಲಿಗೆ ಸಾಕಾಗ್ತದೆ ಮಾರಾಯ್ರೇ, ಐವತ್ತು ತಕೊಳ್ಳಿ" ಅನ್ನುತ್ತಿದ್ದರು…

ಆಂಟಿ ಮಂಗಳೂರು ಕಡೆಯ ಕ್ಯಾಥೊಲಿಕ್ಕರು. ನಮ್ಮ ಕಾಂಡೊ ಫ್ಲಾಟುಗಳಲ್ಲಿ ಎದುರುಬದುರು ಬಾಗಿಲು. ಗಂಡ ತೀರಿಕೊಂಡ ಮೇಲೂ ಒಂದು ಕಂಪನಿಯ ಆಫೀಸು ನೋಡಿಕೊಳ್ಳುತ್ತಾ ಒಬ್ಬರೇ ಇದ್ದರು. ಅರವತ್ತರ ಹತ್ತಿರ ವಯಸ್ಸು, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಬಾಯಲ್ಲಿ ಸದಾ ಫುಟ್‌ಬಾಲು. ನನ್ನ ಮಗಳಿಗೆ ಆ ಹುಚ್ಚು ಹಿಡಿಸಿದ್ದೇ ಅವರು. ಸ್ಕೂಲಿಂದ ಬಂದರೆ ಬ್ಯಾಗು ನಮ್ಮನೆಗೆ, ಮಗಳು ಅವರ ಮನೆಗೆ. ಟೀವಿ ಮುಂದೆ ಇಬ್ಬರೂ ಸೇರಿ ರೆಫ್ರಿಗೆ ಬೈಯುವುದು ನಮ್ಮ ಹಾಲಿಗೆ ಕೇಳುತ್ತಿತ್ತು.

ನಾನೋ, ಮೈಸೂರಿನ ಮಡಿ ಮನೆಯಲ್ಲಿ ಬೆಳೆದವಳು. ಆಂಟಿ ಮನೆಯಲ್ಲಿ ಹಂದಿ ಬೇಯುತ್ತೆ ಅಂತ ಗೊತ್ತು. ಆರು ವರ್ಷ ಎದುರುಮನೆ, ಒಂದು ದಿನ ಅಲ್ಲಿ ಕಾಫಿ ಕುಡಿದವಳಲ್ಲ. "ಈಗಷ್ಟೇ ಆಯ್ತು ಆಂಟಿ", "ಇವತ್ತು ಸಂಕಷ್ಟಿ ಆಂಟಿ"… ನನ್ನ ಸಂಕಷ್ಟಿ ತಿಂಗಳಿಗೆ ನಾಲ್ಕು ಸಲ ಬರೋದು. ಅವರಿಗೆ ಗೊತ್ತಾಗುತ್ತಿರಲಿಲ್ಲವೇ? ಚೆನ್ನಾಗೇ ಗೊತ್ತಿತ್ತು. ಕ್ರಿಸ್‌ಮಸ್ಸಿಗೆ ಎಲ್ಲರ ಮನೆಗೂ ಕರಿದ ತಿಂಡಿಗಳ ತಟ್ಟೆ ಹೋಗುತ್ತಿತ್ತು, ನಮ್ಮನೆಗೆ ಮಾತ್ರ ಹೆಚ್ಚದ ಹಣ್ಣಿನ ಬುಟ್ಟಿ. ಒಂದು ದಿನವಾದರೂ ಮುಖ ಊದಿಸಿಕೊಂಡಿದ್ದು ನಾ ಕಾಣೆ.

ಮಗಳು ಇಲ್ಲಿನ ಯೂನಿವರ್ಸಿಟಿ ಸೇರಿ ಹುಡುಗಿಯರ ಟೀಮಲ್ಲಿ ಆಡತೊಡಗಿದಳು. ಆ ವರ್ಷ ಹರಿ ರಾಯಕ್ಕೆ, ಅಂದರೆ ಇಲ್ಲಿನ ರಂಜಾನ್ ಹಬ್ಬಕ್ಕೆ, ಅವಳ ಕ್ಯಾಪ್ಟನ್ ಮನೆಯಿಂದ ಊಟದ ಕರೆ ಬಂತು. ಆ ಹುಡುಗಿಯ ತಾಯಿ ನನಗೋಸ್ಕರ ಬೇರೆಯಾಗಿ ತರಕಾರಿ ಮಾಡಿಟ್ಟಿದ್ದರು. ನಾನು ತಟ್ಟೆಗೆ ಕೈ ಅಡ್ಡ ಹಿಡಿದು "ಫಾಸ್ಟಿಂಗ್" ಅಂದೆ. ಒಂದು ತಿಂಗಳು ಉಪವಾಸ ಮಾಡಿ ಹಬ್ಬ ಮಾಡುತ್ತಿದ್ದವರ ಮನೆಯಲ್ಲಿ! ನೀರನ್ನೂ ಮುಟ್ಟಲಿಲ್ಲ. ಕಾರಲ್ಲಿ ಮಗಳು ಕಿಟಕಿ ಕಡೆ ತಿರುಗಿಕೊಂಡು ಇಂಗ್ಲಿಷಲ್ಲಿ ಒಂದೇ ಮಾತು ಹೇಳಿದಳು, ಇನ್ನು ನನ್ನ ಮ್ಯಾಚಿಗೆ ಬರಬೇಡ ಅಂತ. ಹಾಸ್ಟೆಲಿಗೆ ಹೋದವಳು ಎರಡು ತಿಂಗಳು ಮನೆಗೆ ಕಾಲಿಡಲಿಲ್ಲ. ಹತ್ತು ನಿಮಿಷದ ದಾರಿ ಅದು. ಫೋನ್ ಮಾಡಿದರೆ ಇಲ್ಲಿನವರ ಧಾಟಿಯಲ್ಲಿ "ಬ್ಯುಸಿ ಲಾ" ಅನ್ನೋಳು.

ಅಷ್ಟರಲ್ಲಿ ಮೆಲಾಕಾದಲ್ಲಿ, ಅಲ್ಲಿನ ಮೆಡಿಕಲ್ ಕಾಲೇಜಿನ ಟೀಮಿನ ಮೇಲೆ ಮ್ಯಾಚ್ ಬಿತ್ತು. ಪರಸ್ಥಳ, ನಮ್ಮ ಕಡೆ ಕೂಗುವವರು ಬೇಕು, ಮನೆಯವರೆಲ್ಲ ಬನ್ನಿ, ಪಾರ್ಕಿಂಗಲ್ಲಿ ಟೈಲ್‌ಗೇಟ್ ಮಾಡೋಣ ಅಂತ ಪೋಷಕರ ಗುಂಪಿಗೆ ಮೆಸೇಜು. ಕಾರಿನ ಡಿಕ್ಕಿ ತೆಗೆದು ಅಲ್ಲೇ ಬಡಿಸಿ ತಿನ್ನೋದಂತೆ. ಲಿಫ್ಟ್ ಹತ್ತಿರ ಆಂಟಿಗೆ ಅದನ್ನು ತೋರಿಸುತ್ತಾ ಅತ್ತುಬಿಟ್ಟೆ. ಹೋದರೆ ಮಗಳಿಗೆ ಅವಮಾನ, ಹೋಗದಿದ್ದರೆ ಮಗಳೇ ಕೈತಪ್ಪುತ್ತಾಳೆ. ಆಂಟಿ ಸಮಾಧಾನ ಗೀಮಾಧಾನ ಏನೂ ಹೇಳಲಿಲ್ಲ. "ಡಿಕ್ಕಿ ಊಟ ಅನ್ನಿ. ಎಷ್ಟು ಜನ?" ಅಂದರು.

ಮರುದಿನ ಪಟ್ಟಿ ಹಿಡಿದೇ ಬಂದರು. ಏನು ಪ್ಲಾನು ಅಂತೀರಿ! ನಾಲ್ಕು ಕಾರು, ಯಾವ ಡಿಕ್ಕಿಯಲ್ಲಿ ಅನ್ನ, ಯಾವುದರಲ್ಲಿ ಐಸ್ ಪೆಟ್ಟಿಗೆ. ಮಧ್ಯಾಹ್ನ ಮಳೆ ಬಂದೇ ಬರುತ್ತೆ, ಅದಕ್ಕೆ ದೊಡ್ಡ ಛತ್ರಿ ಎರಡು. ನಾವು ಹೊರಗಿನವರು, ಅವರು ತೋರಿಸಿದಲ್ಲೇ ಗಾಡಿ ನಿಲ್ಲಿಸಬೇಕು. ಕಸ ನಮ್ಮದು, ನಮ್ಮ ಜೊತೆಗೇ ವಾಪಸ್ ನಿಲಾಯ್‌ಗೆ. ನಾವು ಮೂವತ್ತು ಜನ, ಊಟ ಮಾತ್ರ ಅರವತ್ತಕ್ಕೆ. ಯಾಕೆ ಅಂತ ಕೇಳಿದೆ. "ಇನ್ನೊಬ್ಬರ ಅಂಗಳಕ್ಕೆ ಹೋಗಿ ನಾವೇ ತಿಂದು ಬರುದಾ? ಮೊದಲು ಅವರಿಗೆ."

ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು. "ನನ್ನ ಪಾತ್ರೆಯಲ್ಲಿ ಹಂದಿ ಬೆಂದಿದೆ. ಅಲ್ಲಿಯ ಮಲಯ್ ಮುಸ್ಲಿಂ ಮಕ್ಕಳಿಗೆ ಅದರಲ್ಲಿ ಮಾಡಿ ಕೊಡಬಾರದು. ನಿಮ್ಮ ಅಡುಗೆಮನೆ ಕೊಡ್ತೀರಾ? ಅಲ್ಲಿ ಬೇಯಿಸಿದ್ರೆ ಎಲ್ಲರೂ ತಿಂತಾರೆ." ಪಟ್ಟಿ ಮಡಚುತ್ತಾ, "ನೀವೂ" ಅಂದರು. ಕೊಂಕಿನ ಸುಳಿವೇ ಇಲ್ಲ ಆ ಮಾತಲ್ಲಿ. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಹೂಂ ಅಂದೆ.

ಮ್ಯಾಚಿನ ದಿನ ಬೆಳಿಗ್ಗೆ ಐದಕ್ಕೆ ತಲೆಗೆ ಸ್ನಾನ ಮಾಡಿ, ಹೊಚ್ಚಹೊಸ ಸ್ಟೀಲಿನ ಇಡ್ಲಿ ಪಾತ್ರೆ, ಹೊಸ ಸೌಟು ಹಿಡಿದು ಬಂದರು. ಚಪ್ಪಲಿ ಬಾಗಿಲಾಚೆ ಬಿಟ್ಟರು. ಅರಿಶಿನದ ಎಲೆಗೆ ಅಕ್ಕಿ ಹಿಟ್ಟು ತೆಳ್ಳಗೆ ಸವರಿ, ಕಾಯಿತುರಿ ಬೆಲ್ಲ ತುಂಬಿ, ಮಡಚಿ ಹಬೆಗಿಟ್ಟರು. ಪತ್ತೋಳಿ ಅಂತೆ, ನಾನು ಆವರೆಗೂ ಕಂಡವಳಲ್ಲ. ಬೆಲ್ಲವೂ ಮೆಲಾಕಾದ್ದೇ, ಇಲ್ಲಿನವರು ತೆಂಗಿನಿಂದ ಇಳಿಸುವ ಕಪ್ಪು ಬೆಲ್ಲ. ನಾನು ಚಿತ್ರಾನ್ನ ಕಲಸುತ್ತಾ ಅವರಿಗೆ ಎಲೆ ಒರೆಸಿ ಕೊಡುತ್ತಿದ್ದೆ, ಆ ಕೈಯ ವೇಗಕ್ಕೆ ಸರಿಗಟ್ಟಲು ನನ್ನಿಂದ ಆಗಲೇ ಇಲ್ಲ. ನನ್ನ ಒಲೆ ಮುಂದೆ ಇನ್ನೊಬ್ಬರು ನಿಂತಿದ್ದಾರೆ ಅನ್ನೋದು ಅರ್ಧ ಗಂಟೆಯಲ್ಲಿ ಮರೆತೇ ಹೋಯಿತು.

ಮೆಲಾಕಾದಲ್ಲಿ ಮೊದಲ ತಟ್ಟೆ ಆತಿಥೇಯರ ಕಡೆಗೇ ಹೋಯಿತು. ತಲೆಗೆ ವಸ್ತ್ರ ಕಟ್ಟಿದ್ದ ಹುಡುಗಿಯೊಬ್ಬಳು, ಇದನ್ನು ಎಲ್ಲಿ ಮಾಡಿದ್ದು ಅಂತ ಮೆಲ್ಲಗೆ ಕೇಳಿದಳು. ಆಂಟಿ ನನ್ನ ಹೆಗಲ ಮೇಲೆ ಕೈಯಿಟ್ಟು, ಇವರ ಅಡುಗೆಮನೆಯಲ್ಲಿ, ಅಲ್ಲಿ ಮಾಂಸ ಬೇಯುವುದೇ ಇಲ್ಲ, ನನ್ನ ಮನೆಯದಾಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ ಅಂದರು. ಹುಡುಗಿ ನಕ್ಕು ಎರಡು ತೆಗೆದುಕೊಂಡಳು. ಹತ್ತೇ ನಿಮಿಷ, ನಮ್ಮ ಡಿಕ್ಕಿ ಮುಂದೆ ಸಾಲು!

ಆಗ ಆ ಮೆಲಾಕಾ ಹುಡುಗಿಯ ತಾಯಿ ಒಂದು ಡಬ್ಬಿ ತಂದು ನನ್ನ ಮುಂದೆ ಹಿಡಿದರು. ಹಸಿರು ಉಂಡೆ, ಮೇಲೆಲ್ಲ ಕಾಯಿತುರಿ. ಬಸ್ಸಿನ ಹತ್ತಿರ ಬೂಟು ಕಟ್ಟುತ್ತಿದ್ದ ನನ್ನ ಮಗಳು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಬೆಳಿಗ್ಗೆಯಿಂದ ಒಂದು ಮಾತಾಡಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಸಂಕಷ್ಟಿ ನಾಲಿಗೆ ತುದಿಗೆ ಬಂದಿತ್ತು. ಆಂಟಿ ಬೇಕೆಂದೇ ಐಸ್ ಪೆಟ್ಟಿಗೆಯೊಳಗೆ ತಲೆ ಹಾಕಿಕೊಂಡು ನಿಂತರು. ಉಂಡೆ ತೆಗೆದು ಬಾಯಿಗೆ ಹಾಕಿಕೊಂಡೆ. ಹಲ್ಲು ತಗುಲಿದ್ದೇ ಒಳಗಿನ ಬೆಲ್ಲದ ಪಾಕ ಚಿಮ್ಮಿತು. ನಮ್ಮ ಪತ್ತೋಳಿಯಲ್ಲಿದ್ದ ಅದೇ ಬೆಲ್ಲ. ಇನ್ನೊಂದನ್ನು ಕೇಳಿ ತೆಗೆದುಕೊಂಡೆ.

ನಮ್ಮವರು ಸೋತರು, ಎರಡು ಗೋಲಿಂದ. ಆಟ ಮುಗಿದ ಮೇಲೆ ಮಗಳು ಕೆಸರು ಕಾಲಲ್ಲೇ ಬಂದು ಡಿಕ್ಕಿಯ ಅಂಚಿನ ಮೇಲೆ ನನಗೆ ಒತ್ತಿಕೊಂಡು ಕೂತಳು. "ಅಮ್ಮ, ಇನ್ನೂ ಇದ್ಯಾ?" ಅಂದಳು. ಕನ್ನಡದಲ್ಲಿ. ಆಂಟಿ ನಾಲ್ಕು ಪತ್ತೋಳಿ ಅವಳಿಗೆಂದು ಮೊದಲೇ ಎತ್ತಿಟ್ಟಿದ್ದರು.

ಮರುದಿನ ಆ ಇಡ್ಲಿ ಪಾತ್ರೆ ತೊಳೆದು ವಾಪಸ್ ಕೊಡಲು ಹೋದೆ. ಆಂಟಿ ತೆಗೆದುಕೊಳ್ಳಲಿಲ್ಲ. "ನಿಮ್ಮಲ್ಲೇ ಇರಲಿ. ಅದು ನಮ್ಮಲ್ಲಿಗೆ ಬಂದ್ರೆ ಮತ್ತೆ ನಿಮಗೆ ಆಗುದಿಲ್ಲ" ಅಂದರು, ನಗುತ್ತಲೇ. ಆಗಲೇ ಒಳಗೆ ನುಗ್ಗಿ ಒಂದು ಲೋಟ ಚಹಾ ಕೇಳಬೇಕಿತ್ತು ನಾನು. ಗುರುತಿಲ್ಲದವರ ಉಂಡೆ ಕೇಳಿ ತಿಂದವಳಿಗೆ ಎದುರುಮನೆಯ ಹೊಸ್ತಿಲು ದಾಟಲು ಏನಾಗಿತ್ತೋ… "ಒಂದು ಭಾನುವಾರ ಬರ್ತೀನಿ ಆಂಟಿ" ಅಂದೆ.

ಆ ಭಾನುವಾರ ಬರಲಿಲ್ಲ. ಅವರ ಕೆಲಸದ ಅವಧಿ ಮುಗಿಯಿತು, ವೀಸಾ ಮುಗಿಯಿತು. ಹೊರಡುವ ವಾರ ಮೂರು ಹೊತ್ತೂ ನಾನೇ ಊಟ ಕೊಟ್ಟೆ, ಅವರ ಒಲೆ ಆಗಲೇ ಬಿಚ್ಚಿ ಆಗಿತ್ತು. ಮಂಗಳೂರಿಗೆ ಹೋದ ಮೂರೇ ತಿಂಗಳಿಗೆ ಸುದ್ದಿ ಬಂತು. ಹೃದಯ ನಿಂತಿತಂತೆ.

ಮಗಳು ಈಗ ದೂರದ ಬಯಾನ್ ಲೆಪಾಸ್ ಊರಲ್ಲಿ ಎಂಜಿನಿಯರ್. ರಜೆಯ ದಿನ ಅಲ್ಲಿನ ಕಾಲೇಜು ಹುಡುಗಿಯರಿಗೆ ಆಟ ಹೇಳಿಕೊಡುತ್ತಾಳೆ. ಮುಂದಿನ ವಾರ ಆ ಹುಡುಗಿಯರನ್ನು ಕಟ್ಟಿಕೊಂಡು ನಿಲಾಯ್‌ಗೆ ಮ್ಯಾಚಿಗೆ ಬರುತ್ತಿದ್ದಾಳೆ. ಅರವತ್ತು ಜನಕ್ಕೆ ಪತ್ತೋಳಿ ಬೇಕಂತೆ, ಮೊದಲು ಎದುರು ಟೀಮಿಗಂತೆ. ಯಾರ ಪಾಠ ಅಂತ ನಾನು ಕೇಳಲಿಲ್ಲ.

ಸಂತೆಯಿಂದ ಬಂದವಳೇ ಆಂಟಿಯ ಪಾತ್ರೆ ಇಳಿಸಿ, ಕೈ ಪಳಗಲಿ ಅಂತ ಹತ್ತೂ ಎಲೆಯಲ್ಲಿ ಪತ್ತೋಳಿ ಮಾಡಿದೆ. ಮನೆಯೆಲ್ಲ ಅದೇ ವಾಸನೆ. ಈಗ ನಾನು ಯಾರ ಮನೆಗೆ ಹೋದರೂ ಕೊಟ್ಟದ್ದನ್ನು ತಿಂತೀನಿ, ಲೋಟ ಎತ್ತಿ ನೀರು ಕುಡೀತೀನಿ. ಆಂಟಿ ಮನೆಯಲ್ಲಿ ಮಾತ್ರ ಕುಡಿಯಲಿಲ್ಲ.